ಹೊಲಿಗೆಯಿಲ್ಲದ ಗಾಯ ಮತ್ತು ಮುಂಜಾನೆಯ ನಡಿಗೆ

ನನ್ನ ಫಿಸ್ಟುಲಾ (ಭಗಂದರ, ಎಂದರೆ ಗುದದ್ವಾರದ ಒಳಗಿನಿಂದ ಪಕ್ಕದ ಚರ್ಮಕ್ಕೆ ತೆರೆದುಕೊಳ್ಳುವ ಸೋಂಕಿನ ಸುರಂಗ) ಶಸ್ತ್ರಚಿಕಿತ್ಸೆಯ ಗಾಯಕ್ಕೆ ಹೊಲಿಗೆ ಹಾಕಿರಲಿಲ್ಲ. ಸೋಂಕಿನ ಸುರಂಗವನ್ನು ಉದ್ದಕ್ಕೆ ಸೀಳಿ ತೆರೆದಿಟ್ಟು, ತಳದಿಂದ ಮೇಲಕ್ಕೆ ಮಾಂಸ ತಾನಾಗಿ ತುಂಬಿಕೊಂಡು ಬರಲೆಂದು ಬಿಡುವುದೇ ಈ ಚಿಕಿತ್ಸೆಯ ಕ್ರಮ; ಮೇಲಿನ ಚರ್ಮ ಮೊದಲೇ ಕೂಡಿಕೊಂಡು ಒಳಗೆ ಪೊಳ್ಳು ಉಳಿದರೆ ಕೀವು ಮತ್ತೆ ಅಲ್ಲಿಯೇ ಕಟ್ಟಬಹುದು. ಆದ್ದರಿಂದ ಪೂರ್ತಿ ಮಾಯಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕಾಗುತ್ತದೆ, ಕೆಲವರಿಗೆ ಅದಕ್ಕೂ ಹೆಚ್ಚು. ವ್ಯಾಯಾಮಕ್ಕೆ ಯಾವಾಗ ಮರಳಬಹುದೆಂದು ಕೇಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಇನ್ನೊಬ್ಬರ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. "ಅಣ್ಣಾ, ನಾ ಒಂದ ತಿಂಗಳದಾಗ ಬೈಠಕ್ ಹೊಡಿಲಿಕ್ಕ ಹತ್ತಿದೆ, ನೀ ಯಾಕ ಇಷ್ಟ ಅಂಜ್ತಿ?" ಎಂದು ನನ್ನ ಚಿಕ್ಕಪ್ಪನ ಮಗ ಕೇಳಿದ. ಅವನ ಸುರಂಗ ಚರ್ಮದ ಕೆಳಗೇ ಇತ್ತು, ನನ್ನದು ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿನೊಳಗೆ ಹಾದಿತ್ತು. ಸುರಂಗವು ಈ ಸ್ನಾಯುವನ್ನು ಹೇಗೆ ದಾಟುತ್ತದೆ ಎಂಬುದರ ಮೇಲೆ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಪದ್ಧತಿ 1976ರಿಂದ ಇದೆ, ಯಾವ ಶಸ್ತ್ರಚಿಕಿತ್ಸೆ ಸೂಕ್ತವೆಂದು ವೈದ್ಯರು ನಿರ್ಧರಿಸುವುದೂ ಬಹುಮಟ್ಟಿಗೆ ಅದನ್ನು ನೋಡಿಯೇ. ಕಳ್ಳಿಹಾಲು, ಉತ್ತರಾಣಿಯ ಕ್ಷಾರ ಮತ್ತು ಅರಿಶಿನ ಲೇಪಿಸಿದ ಆಯುರ್ವೇದದ ದಾರವಾದ ಕ್ಷಾರಸೂತ್ರವನ್ನು ಕಟ್ಟಿಸಿಕೊಂಡವರ ಮಾತು ಮತ್ತೂ ಬೇರೆ, ಏಕೆಂದರೆ ವಾರಕ್ಕೊಮ್ಮೆ ಬದಲಾಗುವ ಆ ದಾರ ಕೊಯ್ಯುತ್ತ ಹೋದಂತೆ ಹಿಂದಿನಿಂದ ಗಾಯ ಮಾಯುತ್ತ ಬರುತ್ತದೆ.

ನಡಿಗೆಗೆ ಮಾತ್ರ ನನ್ನ ವೈದ್ಯರು ಮೊದಲಿನಿಂದಲೇ ಅನುಮತಿ ಕೊಟ್ಟಿದ್ದರು. ಮಲಗಿಯೇ ಇದ್ದರೆ ಕರುಳಿನ ಚಲನೆ ಮಂದವಾಗಿ ಮಲ ಗಟ್ಟಿಯಾಗುತ್ತದೆ, ಗಟ್ಟಿ ಮಲಕ್ಕಿಂತ ದೊಡ್ಡ ಶತ್ರು ಈ ಗಾಯಕ್ಕಿಲ್ಲ. ಮೊದಲು ಅಂಗಳದಲ್ಲಿ, ಅನಂತರ ನಮ್ಮ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ, ಬಿಸಿಲೇರುವ ಮುನ್ನ ನಿಧಾನವಾಗಿ ನಡೆಯತೊಡಗಿದೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದರಿಂದ ಮುಂಜಾನೆಯ ತಂಪಿನ ವೇಳೆ ಬರೀ ಅನುಕೂಲದ ಮಾತಲ್ಲ: ಬೆವರಿನ ತೇವದಲ್ಲಿ ತೊಡೆಸಂದಿಯ ಚರ್ಮ ಉಜ್ಜಿ ಕೆಂಪಾಗುತ್ತದೆ, ದೇಹದ ನೀರು ಕಡಿಮೆಯಾದರೆ ಮರುದಿನ ಶೌಚದಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಮನೆಗೆ ಬಂದ ಕೂಡಲೇ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕುಳಿತು, ಉಜ್ಜದೆ ಒತ್ತಿ ಒರೆಸಿ, ಒಣಗಿದ ಗಾಜ್ ಬಟ್ಟೆ ಇಟ್ಟುಕೊಳ್ಳುತ್ತಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆಗಳಿರುವ ನಮ್ಮ ಊಟದಲ್ಲಿ ನಾರಿಗೆ ಕೊರತೆಯಿಲ್ಲ, ನೀರಿನದೇ ಕೊರತೆ. ರಾತ್ರಿ ಇಸಬಗೋಲ್ ತೆಗೆದುಕೊಂಡು ನೀರು ಕುಡಿಯದಿದ್ದರೆ ಅದೂ ಗಟ್ಟಿಯಾಗಿ ಕೂರುತ್ತದೆ.

ಭಾರ ಎತ್ತುವುದು ಬೇರೆಯೇ ವಿಚಾರ. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿ ನೇರವಾಗಿ ಕೆಳಗೆ ಗಾಯದತ್ತ ಒತ್ತುತ್ತದೆ, ಆಳವಾಗಿ ಬಸ್ಕಿ ಹೊಡೆದರೆ ಎಳೆತವೂ ಸೇರುತ್ತದೆ. ಆದಕಾರಣ ಕುಳಿತು ಮಾಡುವ ಕೈಗಳ ಹಗುರ ವ್ಯಾಯಾಮವನ್ನು, ಎತ್ತುವಾಗ ಉಸಿರು ಬಿಡುತ್ತ, ಮೊದಲು ಸೇರಿಸಿಕೊಂಡೆ. ಗಟ್ಟಿ ಬೆಂಚಿಗಿಂತ ಮೆತ್ತನೆಯ ಆಸನವೇ ಮೇಲು. ಈಜು, ಗಾಯ ಪೂರ್ತಿ ಮುಚ್ಚುವವರೆಗೆ ಬೇಡವೇ ಬೇಡ.

ಅಳತೆಗೋಲು ವ್ಯಾಯಾಮದ ಹೊತ್ತಿನಲ್ಲಿಲ್ಲ, ಮರುದಿನದ ಗಾಜ್ ಬಟ್ಟೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ತಿಳಿಯಾದ ತುಸು ಸ್ರಾವ, ಶೌಚದ ಬಳಿಕ ಒಂದೆರಡು ಹನಿ ರಕ್ತ ಮೊದಲ ವಾರಗಳಲ್ಲಿ ಸಹಜ. ಸ್ರಾವ ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ದುರ್ವಾಸನೆಯ ಕೀವು, ಜ್ವರ, ಮಿಡಿಯುವ ನೋವು, ಹೊಸ ಗಡ್ಡೆ ಅಥವಾ ನಿಲ್ಲದ ರಕ್ತ ಕಂಡರೆ ವ್ಯಾಯಾಮದ ಮಾತು ಬಿಟ್ಟು ಅಂದೇ ವೈದ್ಯರ ಬಳಿ ಹೋಗಬೇಕು.

ಈಗ ಸ್ರಾವ ನಿಂತಿದೆ, ವೈದ್ಯರು ಪರೀಕ್ಷಿಸಿ ತಳ ತುಂಬಿದೆ ಎಂದಿದ್ದಾರೆ, ಮೆಲ್ಲಗೆ ಓಡಲೂ ಒಪ್ಪಿದ್ದಾರೆ. ಬಸ್ಕಿಯನ್ನು ಭಾರವಿಲ್ಲದೆ, ಅರ್ಧಕ್ಕೆ ನಿಲ್ಲಿಸಿ ಮಾಡುತ್ತಿದ್ದೇನೆ. ಸೈಕಲ್ಲನ್ನು ಮಾತ್ರ ಇನ್ನೂ ಮುಟ್ಟಿಲ್ಲ. ಅದರ ಕಿರಿದಾದ ಸೀಟು ಹೊಸ ಚರ್ಮದ ಮೇಲೆಯೇ ಒತ್ತುತ್ತದೆ, ನಮ್ಮ ರಸ್ತೆಯ ತಗ್ಗುಗಳು ಉಳಿದದ್ದನ್ನು ಮಾಡುತ್ತವೆ.