ತಂಗಿಗೆ ಫೋನಿನಲ್ಲಿ ಹೇಳಿದ್ದು

ನವೆಂಬರ್ 18, 2024, ಸೋಮವಾರ
ಬೆಂಗಳೂರು

ಬೆಳಿಗ್ಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳಿಗೀಗ ಮೂರು ತಿಂಗಳು, ನನಗೆ ಆರು ತುಂಬಿದೆ. ಇಬ್ಬರಿಗೂ ಚಿಕ್ಕಂದಿನಿಂದ ಉಬ್ಬಸ. ಮಾತಾಡುತ್ತಿದ್ದರೆ ಅವಳ ಎದೆಯ ಸುಂಯ್ ಸುಂಯ್ ಸದ್ದು ಫೋನಿನಲ್ಲೇ ಕೇಳಿಸುತ್ತಿತ್ತು. ಯಾಕೆ ಅಂತ ಕೇಳಿದರೆ, "ಅಕ್ಕಾ, ಬಸುರಿ ಅಂತ ಗೊತ್ತಾದ ದಿನವೇ ಇನ್ಹೇಲರ್ ಪಂಪ್ ಬಿಟ್ಟೆ, ಮಗುವಿಗೆ ಸ್ಟೆರಾಯ್ಡ್ ಹೋಗುತ್ತಂತಲ್ಲ" ಅಂದಳು. ನನ್ನ ಎದೆ ಧಸಕ್ಕೆಂದಿತು.

ಸ್ಟೆರಾಯ್ಡ್ ಅಂದ ತಕ್ಷಣ ಮನೆಯವರೆಲ್ಲ ಹೆದರುತ್ತಾರೆ. ಆದರೆ ಎಷ್ಟು ಹೋಗುತ್ತೆ ಅಂತ ನೋಡಬೇಕಲ್ವಾ? ನಾನು ದಿನಾ ಎಳೆಯುವ ಬ್ಯುಡೆಸೊನೈಡ್ ಅನ್ನುವ ಸ್ಟೆರಾಯ್ಡ್ ಪಂಪಿನ ಲೆಕ್ಕವೆಲ್ಲ ಮೈಕ್ರೋಗ್ರಾಂನಲ್ಲಿ, ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲಿನಲ್ಲಿ, ಅದೂ ಬಹುಪಾಲು ಕೆಲಸ ಮಾಡುವುದು ಶ್ವಾಸಕೋಶದಲ್ಲೇ. ಎಳೆಯುವ ಸ್ಟೆರಾಯ್ಡ್‌ಗಳ ಪೈಕಿ ಬಸುರಿಯರಲ್ಲಿ ಅತಿ ಜಾಸ್ತಿ ಪರಿಶೀಲನೆ ಆಗಿರುವುದು ಇದೇ. ಉಬ್ಬಸ ಏರಿದಾಗ ಎಳೆಯುವ ಸಾಲ್ಬುಟಮಾಲ್ ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಅದರ ಮಾತ್ರೆ ನುಂಗಿದರೆ 4 ಮಿಲಿಗ್ರಾಂ, ಅಂದರೆ ನಲವತ್ತು ಪಫ್‌ನಷ್ಟು. ಎಳೆಯುವ ಔಷಧಿಯೇ ವಾಸಿ ಅಂತ ಡಾಕ್ಟರು ಹೇಳುವುದು ಸುಮ್ನೆ ಅಲ್ಲ.

ಹೊಟ್ಟೆಯಲ್ಲಿರುವ ಮಗುವಿಗೆ ಆಮ್ಲಜನಕ ಅಮ್ಮನ ರಕ್ತದಿಂದಲೇ ಹೋಗಬೇಕು. ಉಬ್ಬಸ ಹತೋಟಿ ತಪ್ಪಿದರೆ ಮೊದಲು ಕಡಿಮೆಯಾಗುವುದು ಅದೇ. ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆ, ತಾಯಿಗೆ ಬಿಪಿ ಏರುವುದು, ಇವೆಲ್ಲದರ ಅಪಾಯ ಜಾಸ್ತಿಯಾಗುತ್ತೆ. ಉಬ್ಬಸವಿರುವ ಬಸುರಿಯರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಉಬ್ಬಸ ಜಾಸ್ತಿಯಾಗುತ್ತೆ, ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಹಾಗೇ ಇರುತ್ತೆ. ಯಾರಿಗೆ ಯಾವುದು ಅಂತ ಮೊದಲೇ ಹೇಳೋಕಾಗಲ್ಲ.

"ಮೆಟ್ಟಿಲು ಹತ್ತಿದರೆ ಎಲ್ಲ ಬಸುರಿಯರಿಗೂ ಏದುಸಿರು ಬರುತ್ತಲ್ಲ ಅಕ್ಕಾ?" ಅಂದಳು. ಬರುತ್ತೆ. ಆದರೆ ಸುಂಯ್ ಅನ್ನುವ ಸದ್ದು, ರಾತ್ರಿ ಎಬ್ಬಿಸುವ ಕೆಮ್ಮು, ಎದೆ ಬಿಗಿತ ಬಸುರಿನದ್ದಲ್ಲ, ಉಬ್ಬಸದ್ದು. ಇವತ್ತೇ ಡಾಕ್ಟರ ಹತ್ತಿರ ಹೋಗು, ಮುಂದಿನ ಚೆಕಪ್‌ವರೆಗೆ ಕಾಯಬೇಡ ಅಂದೆ. ಪಂಪ್ ಎಳೆದರೂ ಇಳಿಯದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ನೇರ ಎಮರ್ಜೆನ್ಸಿಗೆ.

ಪಂಪಿಗೆ ಸಿಕ್ಕಿಸುವ ಸ್ಪೇಸರ್ ಕೊಳವೆ ಹೇಗೆ ಹಿಡಿಯಬೇಕು ಅಂತ ವಿಡಿಯೋ ಕಾಲ್‌ನಲ್ಲೇ ತೋರಿಸಿದೆ. ಪಂಪ್ ಚೆನ್ನಾಗಿ ಅಲುಗಾಡಿಸು, ಉಸಿರು ಪೂರ್ತಿ ಹೊರಗೆ ಬಿಡು, ಒಂದೇ ಪಫ್ ಒತ್ತಿ ನಿಧಾನಕ್ಕೆ ಎಳೆ, ಹತ್ತು ಎಣಿಸುವವರೆಗೆ ಹಿಡಿದುಕೋ. ಸ್ಟೆರಾಯ್ಡ್ ಪಂಪ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳು, ಇಲ್ಲದಿದ್ದರೆ ನಾಲಿಗೆ ಮೇಲೆ ಬೆಳ್ಳಗೆ ಕಟ್ಟಬಹುದು.

ಸಂಜೆ ಮೆಸೇಜ್ ಬಂತು. ಡಾಕ್ಟರು ಹಳೆ ಪಂಪನ್ನೇ ಮುಂದುವರಿಸಲು ಹೇಳಿದರಂತೆ, ಫ್ಲೂ ಲಸಿಕೆಗೂ ಬರೆದುಕೊಟ್ಟಿದ್ದಾರಂತೆ. ಅವಳ ಫೈಲಿನ ಮೇಲೆ ಆಸ್ತಮಾ ಅಂತ ದೊಡ್ಡದಾಗಿ ಬರೆಯಲು ಹೇಳಿದ್ದೇನೆ, ನನ್ನದರ ಮೇಲೂ ಬರೆದೆ. ಬಿಪಿಗೆ ಕೊಡುವ ಲ್ಯಾಬೆಟಲಾಲ್, ಹೆರಿಗೆ ಆದಮೇಲೆ ರಕ್ತ ನಿಲ್ಲಿಸಲು ಕೊಡುವ ಕಾರ್ಬೊಪ್ರಾಸ್ಟ್, ಎರಡೂ ಉಬ್ಬಸ ಕೆರಳಿಸಬಹುದು. ಲೇಬರ್ ವಾರ್ಡಿನಲ್ಲಿ ಡ್ಯೂಟಿಯಲ್ಲಿರುವವರಿಗೆ ನಮ್ಮ ವಿಷಯ ಗೊತ್ತಿರಬೇಕಲ್ಲ.