ಸಂದಿಗೆ ತುರುಕಿದ ಮಫ್ಲರ್

ಮೈನಸ್ 24 ಡಿಗ್ರಿ ಚಳಿಯಲ್ಲಿ ಗಾಡಿಯ ಕಿಟಕಿ ಇಳಿಸು ಅಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ. ನನಗಂತೂ ಬಂತು.

ಜನವರಿ ನಡುವಿನ ಒಂದು ಶನಿವಾರ. ಬೆಳಿಗ್ಗೆ ಎಂಟು ಗಂಟೆ, ಸೂರ್ಯ ಆಗಷ್ಟೇ ಮುಖ ತೋರಿಸಿದ್ದ. ಪಿಕಪ್ ಟ್ರಕ್ಕಿನಲ್ಲಿ ನಾವು ಮೂರು ಜನ: ಪಕ್ಕದ ಮನೆಯ ಅಜ್ಜಿ, ನಾನು, ಹದಿಮೂರು ವರ್ಷದ ನನ್ನ ಮಗ. ಟ್ರಕ್ಕು ಹೋಗುತ್ತಿದ್ದದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದ ಮೇಲೆ. ದಡದ ರಸ್ತೆಯಲ್ಲಲ್ಲ, ಹೆಪ್ಪುಗಟ್ಟಿದ ನೀರಿನ ಮೇಲೆಯೇ.

"ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ" ಅಂದರು ಅಜ್ಜಿ. ಐಸ್ ಒಡೆದು ಗಾಡಿ ಮುಳುಗಿದರೆ ಬೆಲ್ಟ್ ಬಿಚ್ಚುತ್ತಾ ಕೂರೋಕೆ ಟೈಮ್ ಇರಲ್ಲ, ಕಿಟಕಿಯಿಂದಲೇ ಹೊರಗೆ ಹಾರಬೇಕು. ಗಾಡಿ ಓಡಿಸುವುದೂ ಆಮೆ ವೇಗದಲ್ಲೇ. ಜೋರಾಗಿ ಹೋದರೆ ಐಸಿನ ಕೆಳಗಿನ ನೀರಿನಲ್ಲಿ ಅಲೆ ಎದ್ದು, ಮೇಲಿನ ಪದರ ಬಿರುಕು ಬಿಡುತ್ತದಂತೆ. ಇದನ್ನೆಲ್ಲ ಅವರು ಹವಾಮಾನದ ಸುದ್ದಿ ಓದಿದ ಹಾಗೆ ಹೇಳಿದರು. ನನ್ನ ಕಿವಿ ಆಗಲೇ ಜೋಮು ಹಿಡಿದಿತ್ತು.

ಅಜ್ಜಿ ಅಂದೆನಲ್ಲ, ಅವರು ಇಲ್ಲಿಯವರೇ. ಎಪ್ಪತ್ತು ದಾಟಿದೆ. ಶಾಲೆ ಬಸ್ಸು ಓಡಿಸಿ ರಿಟೈರ್ ಆದವರು. ಮಗ ಚಿಕ್ಕವನಿದ್ದಾಗಿನಿಂದ "ಅಜ್ಜಿ" ಅಂತ ಕರೆದೂ ಕರೆದೂ ಈಗ ಅದೇ ಅವರ ಹೆಸರು. ಫೋನಿನಲ್ಲಿ ಮೆಸೇಜ್ ಹಾಕಿದರೆ ಕೊನೆಗೆ "ಅಜ್ಜಿ" ಅಂತಲೇ ಸಹಿ. ಪ್ರತಿ ಚಳಿಗಾಲ ಐಸ್ ಫಿಶಿಂಗಿಗೆ, ಅಂದರೆ ಐಸಿಗೆ ತೂತು ಕೊರೆದು ಮೀನು ಹಿಡಿಯೋಕೆ, ಕರೆಯುತ್ತಿದ್ದರು, ನಾನು ತಪ್ಪಿಸಿಕೊಳ್ಳುತ್ತಿದ್ದೆ. ಆ ಸಲ ಮಗ ಹಟ ಹಿಡಿದ. ನಮ್ಮ ಯಜಮಾನರು "ಮೀನು ಅಂಗಡಿಯಲ್ಲೂ ಸಿಗುತ್ತಲ್ವಾ" ಅಂತ ರಜಾಯಿ ಎಳೆದುಕೊಂಡು ಮಗ್ಗುಲು ಬದಲಿಸಿದರು.

ನಾನು ತೀರ್ಥಹಳ್ಳಿ ಕಡೆಯವಳು. ಮೀನು ಹಿಡಿಯೋದು ನನಗೆ ಹೊಸದಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತವೆ. ಹತ್ತುಮೀನು ಅಂತೀವಿ. ಕೂಣಿ ಅಂದರೆ ಮೀನು ಹಿಡಿಯೋ ಬುಟ್ಟಿ, ಅದನ್ನು ಇಟ್ಟು ಬಂದರೆ ಆಯಿತು, ಮೀನೇ ಬಂದು ಬೀಳುತ್ತದೆ. ಇಲ್ಲಿ ಮೀನಿನ ಮನೆಗೆ ನಾವೇ ಹೋಗಬೇಕು, ಅದೂ ಸೂರು ಕೊರೆದು.

ಸರೋವರವಂತೂ ದೊಡ್ಡದು, ಸುಮಾರು 1,32,000 ಎಕರೆ. ಆದರೆ ಆಳ ಹೆಚ್ಚಿಲ್ಲ, ಬಹಳ ಅಂದರೆ 42 ಅಡಿ. ದಡದ ರೆಸಾರ್ಟಿನವರು ದುಡ್ಡು ತಗೊಂಡು ಐಸಿನ ಮೇಲೆ ಸ್ನೋ ಸರಿಸಿ ರಸ್ತೆ ಮಾಡಿಕೊಡುತ್ತಾರೆ. ದೊಡ್ಡ ಬಿರುಕು ಬಿಟ್ಟ ಕಡೆ ಕಬ್ಬಿಣದ ಸೇತುವೆ ಬೇರೆ. ಐಸಿನ ದಪ್ಪವನ್ನು ಅವರು ಅಳತೆ ಮಾಡಿದ್ದರೂ ಅಜ್ಜಿ ಮತ್ತೆ ತಾವೇ ಒಂದು ತೂತು ಕೊರೆದು ನೋಡಿದರು. ಹದಿನೈದು ಇಂಚು. ನಡೆದು ಹೋಗೋಕೆ ಗಟ್ಟಿ ಐಸ್ ನಾಲ್ಕು ಇಂಚಾದರೂ ಬೇಕು, ಸಣ್ಣ ಕಾರಿಗೆ ಒಂಬತ್ತು ಹತ್ತು ಅನ್ನುತ್ತದೆ ಇಲ್ಲಿನ ಸರ್ಕಾರಿ ಇಲಾಖೆ. ಅದೂ ಕನ್ನಡಿಯಂಥ ಹೊಸ ಐಸಿಗೆ. ಸ್ನೋ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸಾದರೆ ಎರಡರಷ್ಟು ದಪ್ಪ ಇರಬೇಕು, ಅದರ ಶಕ್ತಿ ಅರ್ಧಕ್ಕರ್ಧ. ಎಷ್ಟೇ ದಪ್ಪ ಇದ್ದರೂ ಪೂರ್ತಿ ಸುರಕ್ಷಿತ ಅನ್ನೋ ಐಸ್ ಇಲ್ಲ ಅಂತಲೂ ಅದೇ ಇಲಾಖೆ ಹೇಳುತ್ತದೆ. ಇದನ್ನು ಕೇಳಿಸಿಕೊಂಡ ಮೇಲೆ ನನ್ನ ಹೆಜ್ಜೆ ತಾನಾಗಿಯೇ ಹಗುರಾಯಿತು.

ಇಳಿದ ತಕ್ಷಣ ಅಜ್ಜಿ ನಮ್ಮಿಬ್ಬರ ಕೊರಳಿಗೂ ಒಂದೊಂದು ದಾರ ಹಾಕಿದರು, ತಾಳಿ ಕಟ್ಟಿದ ಹಾಗೆ. ದಾರದ ಎರಡು ತುದಿಗೆ ಎರಡು ಮರದ ಹಿಡಿ, ಹಿಡಿಯೊಳಗೆ ಮೊಳೆ. ನೀರಿಗೆ ಬಿದ್ದರೆ ಎರಡು ಕೈಯಲ್ಲೂ ಹಿಡಿದು ಐಸಿಗೆ ಚುಚ್ಚಿ ಚುಚ್ಚಿ ಮೇಲೆ ಬರಬೇಕು. ಒಂದು, ಹತ್ತು, ಒಂದು ಅಂತ ಲೆಕ್ಕ ಹೇಳಿಕೊಟ್ಟರು. ಬಿದ್ದಾಗ ಉಸಿರು ಹತೋಟಿಗೆ ತಂದುಕೊಳ್ಳೋಕೆ ಒಂದು ನಿಮಿಷ. ಕೈಕಾಲು ಮಾತು ಕೇಳೋದು ಹತ್ತು ನಿಮಿಷ. ಎಚ್ಚರ ತಪ್ಪೋಕೆ ಒಂದು ಗಂಟೆ. ಮಗ ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿದ. ನಾನು ಮನಸ್ಸಿನಲ್ಲೇ ಮನೆದೇವರಿಗೆ ಕೈ ಮುಗಿದೆ.

ಟೆಂಟು ಮಾತ್ರ ಚೆನ್ನಾಗಿತ್ತು. ಮಡಚಿದರೆ ಗಾಲ್ಫ್ ಬ್ಯಾಗಿನಷ್ಟು. ನಾಲ್ಕು ಗೋಡೆ, ಒಂದು ಸೂರು, ಒಂದೊಂದರ ನಡುವೆಯೂ ಒಂದು ಹಿಡಿಕೆ. ಎಳೆದರೆ ಛತ್ರಿ ಬಿಚ್ಚಿಕೊಂಡ ಹಾಗೆ ಟಪ್ ಅಂತ ಉಬ್ಬುತ್ತದೆ. ಗಾಳಿ ಬರುವ ಕಡೆಯ ಹಗ್ಗ ಮೊದಲು ಕಟ್ಟಬೇಕು, ಇಲ್ಲದಿದ್ದರೆ ಟೆಂಟು ಗಾಳಿಪಟವಾಗುತ್ತದೆ. ಐಸಿಗೆ ಕೊಕ್ಕೆ ತಿರುಪಿ, ಬುಡದ ಸುತ್ತ ಇರುವ ಲಂಗದಂಥ ಬಟ್ಟೆಯ ಮೇಲೆ ಸ್ನೋ ಎಳೆದು ಮುಚ್ಚಿದೆವು. ಬಟ್ಟೆ ಎರಡು ಪದರ, ನಡುವೆ ರಜಾಯಿ ಥರ ಹತ್ತಿಯಂಥದ್ದೇನೋ ತುಂಬಿದೆ. ಕಾಲ ಕೆಳಗೆ ರಬ್ಬರಿನಂಥ ಮೆತ್ತನೆ ಹಾಸು. ಇದಿಲ್ಲದಿದ್ದರೆ ಬೂಟು ಎಷ್ಟೇ ದುಬಾರಿಯಾದರೂ ಪಾದದ ಬಿಸಿಯನ್ನೆಲ್ಲ ಐಸ್ ಕುಡಿದುಬಿಡುತ್ತದೆ.

ಅಲ್ಲೇ ಅಜ್ಜಿ ನನ್ನನ್ನು ಬೈದದ್ದು. ಮಗನಿಗೆ ನಾನು ಮೂರು ಸಾಕ್ಸ್ ಹಾಕಿಸಿದ್ದೆ, ಮೂರೂ ಕಾಟನ್. ಬೂಟು ಬಿಗಿಯಾಗಿ, ರಕ್ತವೇ ಓಡದೆ ಅವನ ಬೆರಳು ಬೆಳ್ಳಗಾಗಿತ್ತು. ಹತ್ತಿ ಬೆವರು ಹೀರಿಕೊಂಡು ಹಸಿಯಾಗೇ ಇರುತ್ತದೆ, ಹಸಿ ಅಂದರೆ ಚಳಿ. ಅಜ್ಜಿ ಎಲ್ಲ ಕಳಚಿಸಿ ತಮ್ಮ ಚೀಲದಿಂದ ಒಂದೇ ಒಂದು ಉಣ್ಣೆ ಸಾಕ್ಸ್ ಹಾಕಿಸಿದರು. ಹತ್ತು ನಿಮಿಷಕ್ಕೆ ಬೆರಳು ಕೆಂಪಾಯಿತು.

ಎಂಟು ಇಂಚಿನ ಮೂರು ತೂತು. ಬ್ಯಾಟರಿಯ ಕೊರೆಯೋ ಯಂತ್ರ ಇಳಿಯುತ್ತಿದ್ದಂತೆ ತುರಿದ ತೆಂಗಿನಕಾಯಿಯ ಹಾಗೆ ಐಸ್ ಮೇಲೆ ಬಂತು. ಕೊನೆಗೆ ಬುಳಕ್ ಅಂತ ನೀರು. ತೇಲುವ ಚೂರನ್ನು ತೆಗೆಯೋಕೆ ಬೋಂಡ ಎತ್ತುವಂಥದ್ದೇ ಒಂದು ಜಾಲರಿ ಸೌಟು. ಆಮೇಲೆ ಬಾಗಿಲ ಜಿಪ್ ಎಳೆದರು. ಒಳಗೆ ಕತ್ತಲೆ. ಕಣ್ಣು ಒಗ್ಗುತ್ತಿದ್ದಂತೆ ಒಂದು ವಿಚಿತ್ರ ಕಂಡಿತು. ಬೆಳಕು ಮೇಲಿಂದಲ್ಲ, ತೂತಿನಿಂದ ಬರುತ್ತಿತ್ತು! ಹೊರಗಿನ ಬಿಸಿಲು ಐಸಿನ ಮೂಲಕ ಇಳಿದು, ಎಳೇ ಬಾಳೆಲೆಯ ಬಣ್ಣ ತಗೊಂಡು ಕೆಳಗಿನಿಂದ ಹೊಳೆಯುತ್ತಿತ್ತು. ಮಗನ ಗಲ್ಲದ ಕೆಳಗೆ ಹಸಿರು ನೆರಳು. ನಡುನಡುವೆ ದೂರದಲ್ಲೆಲ್ಲೋ ಐಸ್ ಗುಡುಗುತ್ತಿತ್ತು. ಚಳಿ ಏರಿಳಿದ ಹಾಗೆ ಹಿಗ್ಗಿ ಕುಗ್ಗಿ ಸದ್ದು ಮಾಡುತ್ತದಂತೆ. ಮೊದಲನೇ ಸಲ ನಾನು ಎದ್ದು ನಿಂತೇಬಿಟ್ಟೆ.

ಹೀಟರ್ ಸಣ್ಣದು, ಅರ್ಧ ಕೆಜಿಗಿಂತ ಕಡಿಮೆ ಪ್ರೊಪೇನ್ ಹಿಡಿಯೋ ಪುಟ್ಟ ಸಿಲಿಂಡರ್ ಸಿಕ್ಕಿಸೋದು. ನೆಲದ ಐಸ್ ಕರಗಿ ವಾಲಬಾರದು ಅಂತ ಹಲಗೆಯ ಮೇಲೆ ಇಟ್ಟಿದ್ದರು. ವಾಲಿದರೆ ತಾನೇ ಆರುತ್ತದೆ, ಆಮ್ಲಜನಕ ಕಡಿಮೆಯಾದರೂ ಆರುತ್ತದೆ ಅಂದರು. ಸೂರಿನ ಹತ್ತಿರ ಒಂದು ಸಂದು, ಕೆಳಗೆ ಒಂದು ಸಂದು. "ಇವೆರಡು ಯಾವಾಗಲೂ ತೆರೆದಿರಬೇಕು" ಅಂದರು. ಗೋಡೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲದ ಅಲಾರಂ ನೇತುಹಾಕಿದರು. ನಾನು ತಲೆ ಆಡಿಸಿದೆ. ತಾನೇ ಆರುತ್ತದೆ ಅನ್ನೋದು ಮಾತ್ರ ತಲೆಯಲ್ಲಿ ಉಳಿಯಿತು.

ಹನ್ನೊಂದು ಗಂಟೆಗೆ ಮೂರು ಪರ್ಚ್ ಮೀನು ಸಿಕ್ಕಿದ್ದವು. ಹೊರಗೆ ಅಜ್ಜಿಯ ಇನ್ನೊಂದು ಗಾಳ ಇತ್ತು, ಮೀನು ಕಚ್ಚಿದರೆ ಕೆಂಪು ಬಾವುಟ ಏಳುವಂಥದ್ದು. ಬಾವುಟ ಎದ್ದಿತು ಅಂತ ಹೋದವರು ಪಕ್ಕದ ಟೆಂಟಿನವರ ಜೊತೆ ಮಾತಿಗೆ ನಿಂತರು. ಅಷ್ಟರಲ್ಲಿ ಗಾಳಿ ಜೋರಾಯಿತು. ಕೆಳಗಿನ ಸಂದಿನಿಂದ ಬರೋ ಗಾಳಿ ನೇರ ಮಗನ ಕಾಲಿಗೆ. ಮೇಲಿನ ಸಂದಿನ ಹತ್ತಿರ ನಮ್ಮ ಉಸಿರಿನ ಆವಿಯೆಲ್ಲ ಹನಿಗಟ್ಟಿ ಟಪ್ ಟಪ್ ಅಂತ ನನ್ನ ಕುತ್ತಿಗೆಗೆ. ನಾನು ಏನು ಮಾಡಿದೆ? ಯಾವ ತಾಯಿ ಆದರೂ ಮಾಡೋದನ್ನೇ. ಕೆಳಗಿನ ಸಂದಿಗೆ ಮಫ್ಲರ್ ತುರುಕಿದೆ. ಮೇಲಿನದರ ಪಟ್ಟಿ ಅಂಟಿಸಿಬಿಟ್ಟೆ. ನಮ್ಮೂರಿನ ಹಂಚಿನ ಮನೆಯಲ್ಲಿ ಮಳೆಗಾಲ ಪೂರ್ತಿ ಇದೇ ಕೆಲಸ ಅಲ್ವಾ, ಸಂದಿ ಕಂಡಲ್ಲಿ ಹಳೇ ಬಟ್ಟೆ ತುರುಕೋದು. ಒಲೆ ಉರಿಯುತ್ತಲೇ ಇರುತ್ತಿತ್ತು, ಯಾರಿಗೂ ಏನೂ ಆಗಲಿಲ್ಲ. ಅಲ್ಲಿ ನಾವು ಎಷ್ಟೇ ಮುಚ್ಚಿದರೂ ಹಂಚಿನ ಸಾವಿರ ಸಂದಿ ಉಳಿದಿರುತ್ತದೆ, ಹೊಗೆ ದಾರಿ ಹುಡುಕಿಕೊಳ್ಳುತ್ತದೆ. ಕಣ್ಣು ಉರಿದರೆ ನಾವೇ ಎದ್ದು ಹೋಗುತ್ತೇವೆ. ಇಲ್ಲಿ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಬರೀ ಹಿತವಾದ ಬೆಚ್ಚಗೆ.

ಸ್ವಲ್ಪ ಹೊತ್ತಿಗೆ ಅಲಾರಂ ಕೂಗಿತು. ಇಲ್ಲಿ ಇನ್ನೊಂದು ಮಾತು ಒಪ್ಪಿಕೊಳ್ಳಲೇಬೇಕು. ಅಮೆರಿಕದಲ್ಲಿರೋ ಕನ್ನಡದವರ ಅಡುಗೆಮನೆಯಲ್ಲಿ ಹೊಗೆಯ ಅಲಾರಂಗೆ ಬೆಲೆಯೇ ಇಲ್ಲ. ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದ ತಕ್ಷಣ ಅದು ಕೂಗುತ್ತದೆ, ನಾವು ಟವೆಲ್ ಬೀಸುತ್ತೇವೆ, ಇಲ್ಲವೇ ಸ್ಟೂಲ್ ಹತ್ತಿ ಬ್ಯಾಟರಿ ಕೀಳುತ್ತೇವೆ. ಹತ್ತು ವರ್ಷದ ಅಭ್ಯಾಸ. ಚಳಿಗೆ ಬ್ಯಾಟರಿ ಸೋತಿರಬೇಕು ಅಂದುಕೊಂಡು ಬಟನ್ ಒತ್ತಿದೆ. ಮತ್ತೆ ಕೂಗಿತು. ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡೆ.

"ಅಮ್ಮಾ, ತಲೆ ನೋಯ್ತಿದೆ" ಅಂದ ಮಗ.

"ಬೆಳಿಗ್ಗೆ ಏನೂ ತಿನ್ನದೆ ಬಂದರೆ ಇನ್ನೇನಾಗುತ್ತೆ" ಅಂತ ಕೋಡುಬಳೆ ಕೊಟ್ಟೆ. ತಿನ್ನಲಿಲ್ಲ. ಹೊಟ್ಟೆ ತೊಳಸ್ತಿದೆ ಅಂದ. ನನಗೂ ಹಣೆಯ ಹತ್ತಿರ ಯಾರೋ ಬಟ್ಟೆ ಬಿಗಿದು ಕಟ್ಟಿದ ಹಾಗಿತ್ತು. ಕಾಫಿ ತಪ್ಪಿದ್ದಕ್ಕೆ ಅಂದುಕೊಂಡೆ. ಎದ್ದು ಏನಾದರೂ ಮಾಡಬೇಕು ಅಂತಲೂ ಅನಿಸಲಿಲ್ಲ. ಸುಮ್ನೆ ಹೀಗೇ ಕೂತಿರೋಣ ಅನ್ನೋ ಮಂಪರು. ಈಗ ನೆನೆಸಿಕೊಂಡರೆ ಭಯವಾಗೋದು ಆ ಮಂಪರಿಗೇ.

ಜಿಪ್ ಸರ್ ಅಂತ ತೆರೆಯಿತು. ಅಜ್ಜಿ ಒಂದು ಕಾಲು ಒಳಗಿಟ್ಟು ನಿಂತರು. ಗೋಡೆ ನೋಡಿದರು, ಸೂರು ನೋಡಿದರು, ಮಫ್ಲರ್ ನೋಡಿದರು. ಒಂದೂ ಮಾತಿಲ್ಲ. ಹೀಟರ್ ಆರಿಸಿ, ಮಗನ ಜಾಕೆಟ್ಟಿನ ಕಾಲರ್ ಹಿಡಿದು ನಾಯಿಮರಿ ಎತ್ತಿದ ಹಾಗೆ ಹೊರಗೆ ಎಳೆದರು. ನಾನು ಎದ್ದೆ. ಮೊಣಕಾಲು ನನ್ನದಲ್ಲ ಅನ್ನಿಸಿತು. ಎರಡನೇ ಹೆಜ್ಜೆಗೆ ಬಲಗಾಲು ನೇರ ತೂತಿನೊಳಗೆ, ಮೊಣಕಾಲಿನವರೆಗೆ. ಬೂಟಿನೊಳಗೆ ನೀರು ನುಗ್ಗಿತು. ಆ ನೀರಿನ ಪೆಟ್ಟಿಗೆ ಅರ್ಧ ಮಂಪರು ಇಳಿದದ್ದು ಸುಳ್ಳಲ್ಲ.

ಹೊರಗೆ ವಾಂತಿ ಮಾಡಿಕೊಂಡ ಮಗ ಸ್ನೋ ಮೇಲೆ ಕೂತಿದ್ದ. ಅಜ್ಜಿ ಅವನ ಹೆಸರು, ಶಾಲೆ, ಇವತ್ತು ಯಾವ ವಾರ ಅಂತ ಕೇಳುತ್ತಲೇ ನನ್ನ ಬೂಟು ಕಿತ್ತರು. ಪ್ಯಾಂಟಿನ ತುದಿ ಆಗಲೇ ಹಪ್ಪಳದ ಹಾಗೆ ಸೆಟೆದಿತ್ತು. ಅದೇ ಚೀಲದಿಂದ ಇನ್ನೊಂದು ಜೊತೆ ಉಣ್ಣೆ ಸಾಕ್ಸ್ ಬಂತು. ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ಟ್ರಕ್ಕಿಗೆ ಹತ್ತಿಸಿದರು. ಈ ಸಲ ಕಿಟಕಿ ಪೂರ್ತಿ ಕೆಳಗಿತ್ತು. ನಾನು ಮುಖವನ್ನು ಹೊರಗೆ ಚಾಚಿಕೊಂಡೇ ಕೂತಿದ್ದೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ರಕ್ತ ತೆಗೆದು, ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಮನೆಯಲ್ಲಿದೆ, ಅದರಲ್ಲೇ ನೋಡಬಹುದಿತ್ತಾ ಅಂತ ಕೇಳಿದೆ. ನರ್ಸ್ ಜೋರಾಗಿ ತಲೆ ಅಲ್ಲಾಡಿಸಿದರು. ರಕ್ತಕ್ಕೆ ಅಂಟಿರೋದು ಆಮ್ಲಜನಕವೋ, ಹೀಟರ್ ಉರಿದಾಗ ಹುಟ್ಟಿದ ಕಾರ್ಬನ್ ಮೊನಾಕ್ಸೈಡ್ ವಿಷವೋ ಅಂತ ಅದಕ್ಕೆ ಗೊತ್ತಾಗಲ್ಲ, ಚೆನ್ನಾಗೇ ಇದ್ದೀರಿ ಅಂತ ತೋರಿಸಿಬಿಡುತ್ತದೆ. ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಜಾಸ್ತಿ ಬಿಗಿಯಾಗಿ ರಕ್ತವನ್ನು ಹಿಡಿದುಕೊಳ್ಳುತ್ತದೆ. ಬರೀ ಗಾಳಿಯಲ್ಲಿ ಕೂತರೆ ಅರ್ಧ ಇಳಿಯೋಕೇ ನಾಲ್ಕೈದು ಗಂಟೆ. ಮಾಸ್ಕ್ ಹಾಕಿದರೆ ಒಂದು, ಒಂದೂವರೆ ಗಂಟೆ. ತಾನೇ ಆರೋ ಹೀಟರಿನ ಕಥೆಯೂ ಅಲ್ಲೇ ಬಿಚ್ಚಿಕೊಂಡಿತು. ಅದು ನೋಡೋದು ಆಮ್ಲಜನಕವನ್ನು ಮಾತ್ರ. ವಿಷ ಅಳೆಯೋದು ನನ್ನ ಜೇಬಿನಲ್ಲಿದ್ದ ಬ್ಯಾಟರಿಯ ಕೆಲಸ.

ಬೆಂಗಳೂರಿನಲ್ಲಿ ನಮ್ಮಕ್ಕನ ಮನೆಯ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಚಳಿ ಅಂತ ಕಿಟಕಿಯ ಗಾಜಿನ ಸಂದಿಗೆ ಪೇಪರ್ ತುರುಕಿಟ್ಟಿದ್ದನ್ನು ಹೋದ ಸಲ ನೋಡಿದ್ದೆ. ಮಾಸ್ಕ್ ತೆಗೆದ ತಕ್ಷಣ ಅವಳಿಗೆ ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ ದಾಟಿತ್ತು. "ಪೇಪರ್ ತೆಗಿ, ಈಗಲೇ ತೆಗಿ" ಅಂದೆ. "ಏನಾಯ್ತೇ ನಿನಗೆ, ಕುಡಿದಿದ್ದೀಯಾ?" ಅಂದಳು.

ವಾಪಸ್ ಬರುವಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಸಂದು ಮುಚ್ಚಬೇಡ ಅಂದೆ, ಯಾಕೆ ಅಂತ ಹೇಳಲಿಲ್ಲ. ನಲವತ್ತು ವರ್ಷದಿಂದ ಇದೇ ಮಾಡ್ತಿದ್ದೀನಿ, ಎಲ್ಲರಿಗೂ ಗೊತ್ತು ಅಂದ್ಕೊಂಡೆ." ನಾನು ಬ್ಯಾಟರಿಯನ್ನು ಅವರ ಕೈಗೆ ಕೊಟ್ಟೆ.

ಟೆಂಟು ಬಿಚ್ಚಿ, ಮೀನು ಸಮೇತ ಎಲ್ಲವನ್ನೂ ಪಕ್ಕದ ಟೆಂಟಿನವರು ಮಾರನೇ ದಿನ ತಂದುಕೊಟ್ಟರು. ಮಫ್ಲರ್ ಸಂದಿನ ಆಕಾರದಲ್ಲೇ ಸೆಟೆದಿತ್ತು. ರಾತ್ರಿ ಪರ್ಚ್‌ಗೆ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಬಾಣಲೆಗೆ ಬಿಟ್ಟೆ. ಸಾರಿಗೆ ಒಗ್ಗರಣೆ ಹಾಕಿದೆ. ಅಲಾರಂ ಕೂಗಿತು. ಯಜಮಾನರು ಅಭ್ಯಾಸದಂತೆ ಟವೆಲ್ ತಗೊಂಡು ಎದ್ದರು. ಅವರಿಗಿಂತ ಮೊದಲೇ ಮಗ ಹೋಗಿ ಹಿತ್ತಲ ಬಾಗಿಲನ್ನು ಪೂರ್ತಿ ತೆರೆದ, ನಾನು ಕಿಟಕಿ ತೆರೆದೆ. ಹೊರಗೆ ಮೈನಸ್ ಇಪ್ಪತ್ತು. "ಹೀಟಿಂಗ್ ಬಿಲ್ ಯಾರು ಕಟ್ಟೋದು?" ಅಂತ ಗೊಣಗುತ್ತಲೇ ಅವರು ಜಾಕೆಟ್ ಹಾಕಿಕೊಂಡು ಬಂದರು. ನಾವೂ ಟೋಪಿ ಹಾಕಿಕೊಂಡೆವು. ಮೀನಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.