1985ರ ಒಂದು ರೂಪಾಯಿ

ಕಳೆದ ಭಾನುವಾರ ಪಕ್ಕದ ಮನೆಯ ಹುಡುಗ ಮುಷ್ಟಿ ಬಿಗಿ ಹಿಡಿದುಕೊಂಡೇ ಒಳಗೆ ಬಂದ. "ಆಂಟಿ, ಇದಕ್ಕೆ ಎರಡೂವರೆ ಲಕ್ಷ ಅಂತೆ. ಮೊಬೈಲಲ್ಲಿ ತೋರಿಸ್ತಿದ್ರು" ಅಂದ. ಮುಷ್ಟಿ ಬಿಚ್ಚಿಸಿ ನೋಡಿದರೆ 1985ರ ಒಂದು ರೂಪಾಯಿ. ಅವರಜ್ಜಿಯ ಎಲೆಅಡಿಕೆ ಡಬ್ಬಿಯ ತಳದಲ್ಲಿ ಸಿಕ್ಕಿತಂತೆ.

ನಾನು 22 ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು. ಚಿಲ್ಲರೆ ಎಣಿಸುತ್ತಾ ಎಣಿಸುತ್ತಾ ನಾಣ್ಯಗಳ ಹುಚ್ಚು ಹತ್ತಿತು. ಹಾಗಾಗಿ ಬೆಲೆಯ ಮಾತು ಆಮೇಲೆ, ಮೊದಲು ಇದು ಯಾರು ಅಂತ ಗುರುತು ಹಿಡಿಯೋಣ ಬಾ ಅಂದೆ.

ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ತೆಗೆದು ಹತ್ತಿರ ಹಿಡಿದೆವು. ಅಂಟಲಿಲ್ಲ. ಸರಿಯಾಗಿಯೇ ಇದೆ. ಆಗಿನ ರೂಪಾಯಿ ತಾಮ್ರ ಮತ್ತು ನಿಕಲ್ ಬೆರೆಸಿದ್ದು, ತೂಕ 6 ಗ್ರಾಂ. 1992ರಿಂದ ಬಂದ ಸ್ಟೀಲ್ ರೂಪಾಯಿ ಮ್ಯಾಗ್ನೆಟ್‌ಗೆ ಟಪ್ಪನೆ ಅಂಟುತ್ತದೆ. ನನ್ನ ಪುಟ್ಟ ತಕ್ಕಡಿ ಈ ನಾಣ್ಯಕ್ಕೆ 5.9 ತೋರಿಸಿತು. ಆ ಚೂರು ಎಲ್ಲಿ ಹೋಯಿತು? ಎಷ್ಟೋ ಕೈಗಳಲ್ಲಿ ಸವೆದು ಹೋಯಿತು.

ಆಮೇಲೆ ಭೂತಗನ್ನಡಿ. ನನಗೆ ಇಷ್ಟವಾದ ಭಾಗ ಇದೇ. ವರ್ಷದ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ. ಏನೂ ಇಲ್ಲದಿದ್ದರೆ ಕಲ್ಕತ್ತ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದಾಕಾರ ಇದ್ದರೆ ಮುಂಬಯಿ. ದುಂಡನೆಯ ಚುಕ್ಕೆ ನೋಯ್ಡಾದ್ದು. ಆದರೆ ಆ ಟಂಕಸಾಲೆ ಶುರುವಾಗಿದ್ದೇ 1988ರಲ್ಲಿ. 1985ರ ನಾಣ್ಯದಲ್ಲಿ ಚುಕ್ಕೆ ಕಂಡರೆ ಅದು ಕೊಳೆ ಅಷ್ಟೇ.

ಹುಡುಗ ಕಣ್ಣು ಕಿರಿದು ಮಾಡಿ ನೋಡಿ, "ವಜ್ರ! ಮುಂಬಯಿ!" ಅಂದ. ಎಲ್ಲಿದೆ ನೋಡು, ಮಧ್ಯದಲ್ಲೋ ಪಕ್ಕದಲ್ಲೋ, ಅಂತ ಕೇಳಿದೆ. ಮೊದಲನೇ ಅಂಕಿ 1ರ ಕೆಳಗಿತ್ತು. ಹಾಗಿದ್ದರೆ ಇದು ಮುಂಬಯಿಯದ್ದಲ್ಲ, ಬ್ರಿಟನ್ನಿನ ಲಾಂಟ್ರಿಸಾಂಟ್‌ನದು! ಆ ವರ್ಷ ನಮ್ಮ ಟಂಕಸಾಲೆಗಳು ಸಾಕಾಗದೆ ಒಂದಿಷ್ಟು ರೂಪಾಯಿಗಳನ್ನು ಹೊರದೇಶದಲ್ಲಿ ಮಾಡಿಸಿದರು. ಬರ್ಮಿಂಗ್‌ಹ್ಯಾಮಿನಿಂದ ಬಂದದ್ದರ ಮೇಲೆ 'ಎಚ್' ಅಕ್ಷರ ಇರುತ್ತದೆ. ಎಲೆಅಡಿಕೆ ಡಬ್ಬಿ ಸೇರಿದ ರೂಪಾಯಿ ಸಮುದ್ರ ದಾಟಿ ಬಂದಿದೆ ಅಂದರೆ ಖುಷಿಯಾಗುತ್ತೆ ಅಲ್ವಾ?

"ಹಾಗಾದ್ರೆ ಜಾಸ್ತಿ ಬೆಲೆ ಇರ್ಬೇಕಲ್ವಾ?"

ಇಲ್ಲ. ವಿದೇಶದ ಗುರುತು ಇದ್ದರೂ ಕೋಟಿಗಟ್ಟಲೆ ಬಂದ ನಾಣ್ಯ ಇದು. ಇಂಥದ್ದಕ್ಕೆ ನಾಲ್ಕು ಕಾಸು ಹೆಚ್ಚು ಸಿಗಬೇಕಾದರೆ ಅದು ಹೆಚ್ಚು ಕೈ ಬದಲಿಸಿರಬಾರದು. ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ತೋರಿಸಿದೆ. ಉಬ್ಬಿದ ಜಾಗವೇ ಮೊದಲು ಸವೆಯುವುದು. ಸಿಂಹದ ಎದೆಯ ಮೇಲಿನ ಕೂದಲಿನ ಗೆರೆ ಪೂರ್ತಿ ಮಟ್ಟವಾಗಿತ್ತು, ಮೂಗು ಮೊಂಡಾಗಿತ್ತು. ಹಿಂದೆ ತೆನೆಯಲ್ಲಿ ಕೆಳಗಿನ ಕಾಳುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಮೇಲಿನವು ಒಂದಕ್ಕೊಂದು ಕೂಡಿಕೊಂಡಿವೆ. ಆಮೇಲೆ ನನ್ನ ಆಲ್ಬಮ್ಮಿನಲ್ಲಿರುವ, ಚಲಾವಣೆಗೇ ಹೋಗದ ಒಂದನ್ನು ಪಕ್ಕದಲ್ಲಿಟ್ಟೆ. ತಿರುಗಿಸಿದರೆ ಬೆಳಕು ಚಕ್ರದ ಕಡ್ಡಿಯ ಹಾಗೆ ಸುತ್ತುತ್ತದೆ. ಇವನದ್ದರಲ್ಲಿ ಬೆಳಕು ಸುಮ್ನೆ ಕೂತಿತ್ತು. ನೋಡಿ ಅವನಿಗೇ ಅರ್ಥವಾಯಿತು. ಖರ್ಚು ಮಾಡಿದರೆ ಒಂದು ರೂಪಾಯಿ, ಸಂಗ್ರಹ ಮಾಡುವವರು ಕೊಂಡರೆ ಅದಕ್ಕಿಂತ ತುಸು ಹೆಚ್ಚು.

ಲಕ್ಷಗಳ ಮಾತು ಬಂದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಾನು ಬಲ್ಲ ಒಬ್ಬ ಹೆಂಗಸು ಹೀಗೇ ಒಂದು ನಾಣ್ಯ ಮಾರಲು ಹೋಗಿ, ಮೊದಲು ನೋಂದಣಿ ಫೀಸು ಕಟ್ಟಿ ಅಂದವರ ಮಾತು ನಂಬಿ ದುಡ್ಡು ಕಳೆದುಕೊಂಡರು. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಹೇಳಿದೆ: ಹಳೆ ನೋಟು, ನಾಣ್ಯಗಳ ವ್ಯಾಪಾರ ನಾವು ಮಾಡುವುದಿಲ್ಲ, ಅದಕ್ಕೆ ಫೀಸು ಕೇಳುವುದೂ ಇಲ್ಲ. ಮಾರುವವನು ಮೊದಲು ದುಡ್ಡು ಕೊಡುವುದು ಯಾವ ಸಂತೆಯಲ್ಲಿದೆ ಹೇಳಿ?

ಹುಡುಗ ಸ್ವಲ್ಪ ಸಪ್ಪಗಾದ. "ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹೊಸದರ ಥರ ಆಗಲ್ವಾ?" ಅಂದ. ಬೇಡವೇ ಬೇಡ ಅಂದೆ. ಉಜ್ಜಿದರೆ ಹೊಳಪೇನೋ ಬರುತ್ತದೆ. ಆದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಸಂಗ್ರಹಕಾರರು ಅಂಥದ್ದನ್ನು ಮುಟ್ಟುವುದಿಲ್ಲ. ನಾನೂ ಹೊಸತರಲ್ಲಿ ಒಂದು ಒಳ್ಳೆ ಕಾಲಾಣೆಯನ್ನು ಹಾಗೇ ಉಜ್ಜಿ ಕೆಡಿಸಿದ್ದೇನೆ. ಇವತ್ತಿಗೂ ಆ ನೋವಿದೆ.

ಒಂದು ಕಾಗದದ ಲಕೋಟೆಯಲ್ಲಿ ನಾಣ್ಯ ಹಾಕಿಕೊಟ್ಟೆ. ಮೇಲೆ ಅವನೇ ಬರೆದ: '1985, ಲಾಂಟ್ರಿಸಾಂಟ್, ಅಜ್ಜಿ ಡಬ್ಬಿ.' ಆ ಊರು ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಿದೆವು. ವೇಲ್ಸ್‌ನಲ್ಲಿ, ಕಾರ್ಡಿಫ್ ಹತ್ತಿರ. "ಅಜ್ಜಿಗೆ ತೋರಿಸ್ತೀನಿ" ಅಂತ ಮೊಬೈಲ್ ಇಸಿದುಕೊಂಡು ಓಡಿದ. ಮೊಬೈಲ್ ವಾಪಸ್ ಬಂದಾಗ ಅದರ ಜೊತೆ ಅಜ್ಜಿಯೂ ಬಂದರು, ಕೈಯಲ್ಲಿ ಇಡೀ ಎಲೆಅಡಿಕೆ ಡಬ್ಬಿ.